ಕೋಶಪೊರೆ: ಕಾಣದ ಕೋಟೆಯೂ ಗಣಿಯ ಧೂಳೂ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ನಾವು ವೈದ್ಯವೃತ್ತಿಯನ್ನು ಆರಂಭಿಸಿ ಮೂರು ದಶಕಗಳ ಮೇಲಾಯಿತು. ಈ ಅವಧಿಯಲ್ಲಿ ನಮ್ಮಿಂದ ಆದ ಒಂದು ತಪ್ಪನ್ನು ಮೊದಲು ಹೇಳಿ, ಅನಂತರ ಈ ತಿಂಗಳ ವಿಷಯಕ್ಕೆ ಬರುತ್ತೇವೆ. ಆ ತಪ್ಪೇ ಈ ವಿಷಯವನ್ನು ನಮ್ಮಿಂದ ಮತ್ತೆ ಓದಿಸಿದ್ದು.

ಕೋಲಾರ ಚಿನ್ನದ ಗಣಿಯಲ್ಲಿ ದುಡಿದು ಬಿಟ್ಟಿದ್ದ ಹಿರಿಯರೊಬ್ಬರು ಕೆಮ್ಮು, ಏದುಸಿರು ಎಂದು ನಮ್ಮಲ್ಲಿಗೆ ಬಂದರು. ನಾಡಿ ನೋಡಿದೆವು, ಎದೆಯ ಸದ್ದು ಕೇಳಿದೆವು, ಶ್ವಾಸರೋಗವೆಂದು ನಿಶ್ಚಯಿಸಿ ವಾಸಾವಲೇಹ, ಸಿತೋಪಲಾದಿ ಚೂರ್ಣ ಕೊಟ್ಟು ಪಥ್ಯ ಹೇಳಿ ಕಳುಹಿಸಿದೆವು. ಕಫ ಸ್ವಲ್ಪ ಸಡಿಲವಾಯಿತು. ಏದುಸಿರು ಮಾತ್ರ ತಿಂಗಳಿಂದ ತಿಂಗಳಿಗೆ ಹೆಚ್ಚಿತು. ಐದು ತಿಂಗಳು ಹೀಗೆಯೇ ಕಳೆಯಿತು. ಒಂದು ದಿನ ಅವರು ನಮ್ಮ ಚಿಕಿತ್ಸಾಲಯದ ಮೂರು ಮೆಟ್ಟಿಲು ಹತ್ತಲಾರದೆ ಎರಡನೆಯದರಲ್ಲಿಯೇ ಕುಳಿತುಬಿಟ್ಟರು. ಜೊತೆಯಲ್ಲಿದ್ದ ಅವರ ಪತ್ನಿ, "ಇಪ್ಪತ್ತು ವರ್ಷ ಗಣಿಯೊಳಗೆ ಕಲ್ಲು ಕೊರೆದವರು ಸ್ವಾಮಿ, ಆ ಧೂಳೇ ಎದೆಯಲ್ಲಿ ಕೂತಿರಬೇಕು" ಎಂದರು. ಗಣಿಯ ನೌಕರರೆಂದು ನಮಗೆ ತಿಳಿದಿತ್ತು. ಗಣಿಯಲ್ಲಿ ಯಾವ ಕೆಲಸ ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಎರಡೂ ಶ್ವಾಸಕೋಶಗಳ ಮೇಲುಭಾಗದಲ್ಲಿ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳು ಕಂಡವು. ಸಿಲಿಕೋಸಿಸ್. ಕಫದ ಪರೀಕ್ಷೆಯಲ್ಲಿ ಅದರ ಮೇಲೆ ಕ್ಷಯವೂ ಸೇರಿದ್ದು ತಿಳಿಯಿತು. ಕ್ಷಯದ ಔಷಧವನ್ನು ಐದು ತಿಂಗಳ ಹಿಂದೆಯೇ ಆರಂಭಿಸಬಹುದಾಗಿತ್ತು.

ಅಂದು ಆ ಹಿರಿಯರು ಕೇಳಿದ ಪ್ರಶ್ನೆ ಇದು: "ಕಣ್ಣಿಗೆ ಬಿದ್ದ ಧೂಳು ನೀರಾಗಿ ಹೋಗುತ್ತೆ, ಎದೆಗೆ ಹೋದದ್ದು ಯಾಕೆ ಹೋಗಲ್ಲ ಸ್ವಾಮಿ?" ಇದಕ್ಕೆ ಉತ್ತರವು ಶ್ವಾಸಕೋಶದಲ್ಲಿಲ್ಲ, ಅದಕ್ಕಿಂತ ಬಹಳ ಸಣ್ಣದಾದ ಒಂದು ವಸ್ತುವಿನಲ್ಲಿದೆ. ಅದರ ಹೆಸರು ಕೋಶಪೊರೆ.

ನಮ್ಮ ಶರೀರವು ಜೀವಕೋಶಗಳಿಂದಾದುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಪ್ರತಿಯೊಂದು ಜೀವಕೋಶದ ಸುತ್ತಲೂ ಒಂದು ಪೊರೆ ಇರುತ್ತದೆ. ಅದರ ದಪ್ಪ ಏಳೆಂಟು ನ್ಯಾನೋಮೀಟರ್ ಮಾತ್ರ. ಇಂತಹ ಒಂದು ಲಕ್ಷಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರ್ ಆದೀತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಇದು ನಿಲುಕದು. ಇಷ್ಟು ತೆಳುವಾದ ಈ ಪೊರೆಯೇ ಜೀವವಿರುವ ಒಳಗನ್ನು ಹೊರಗಿನಿಂದ ಬೇರ್ಪಡಿಸುವ ಎಲ್ಲೆ.

ಆಯುರ್ವೇದದ ಅಭ್ಯಾಸಿಗಳಿಗೆ ಇಲ್ಲಿ ಸುಶ್ರುತಸಂಹಿತೆಯ ಶಾರೀರಸ್ಥಾನ ನೆನಪಾಗದಿರದು. ಗರ್ಭದಲ್ಲಿ ಚರ್ಮದ ಪದರಗಳು ಉಂಟಾಗುವುದನ್ನು ಕಾಯುತ್ತಿರುವ ಹಾಲಿನ ಮೇಲೆ ಕೆನೆ ಕಟ್ಟುವುದಕ್ಕೆ ಸುಶ್ರುತರು ಹೋಲಿಸಿದ್ದಾರೆ. ಅದೇ ಪ್ರಕರಣದಲ್ಲಿ ಮಾಂಸಧರಾ, ರಕ್ತಧರಾ, ಮೇದೋಧರಾ ಮೊದಲಾದ ಏಳು 'ಕಲೆ'ಗಳನ್ನು ಹೇಳಿ, ಧಾತುವಿಗೂ ಅದರ ಆಶಯಕ್ಕೂ ನಡುವಣ ಎಲ್ಲೆಯೇ ಕಲೆ ಎಂದಿದ್ದಾರೆ. ಎರಡು ವಸ್ತುಗಳ ನಡುವೆ ತೆಳುವಾದ ಎಲ್ಲೆಯೊಂದು ಇರಬೇಕು, ಅದಕ್ಕೆ ತನ್ನದೇ ಕೆಲಸ ಇರಬೇಕು ಎಂಬ ಈ ಕಾಣ್ಕೆ ದೊಡ್ಡದು. ಆದರೆ ಸುಶ್ರುತರು ಕೋಶಪೊರೆಯನ್ನೇ ಕಂಡಿದ್ದರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವ ಭಾಷಣಗಳನ್ನು ಕೇಳಿದ್ದೇವೆ, ಒಪ್ಪಿಲ್ಲ. ಅವರು ಬರಿಗಣ್ಣಿಗೆ ಕಾಣುವ ಶರೀರವನ್ನು ಅಸಾಧಾರಣ ಶ್ರದ್ಧೆಯಿಂದ ನೋಡಿದವರು. ಅವರ ಗೌರವಕ್ಕೆ ಅಷ್ಟು ಸಾಕು.

ಈ ಪೊರೆ ಯಾವುದರಿಂದ ಆಗಿದೆ? ಮುಖ್ಯವಾಗಿ ಫಾಸ್ಫೋಲಿಪಿಡ್ ಎಂಬ ಜಿಡ್ಡಿನಿಂದ. ಇದರ ಒಂದೊಂದು ಅಣುವಿಗೂ ಒಂದು ತಲೆ, ಎರಡು ಬಾಲಗಳಿವೆ ಎಂದು ಭಾವಿಸಬಹುದು. ತಲೆಗೆ ನೀರೆಂದರೆ ಪ್ರೀತಿ, ಬಾಲಗಳಿಗೆ ನೀರೆಂದರೆ ದ್ವೇಷ. ನೀರಿನಲ್ಲಿ ಇವನ್ನು ಬಿಟ್ಟರೆ ಬಾಲಗಳು ನೀರಿನಿಂದ ತಪ್ಪಿಸಿಕೊಳ್ಳಲು ಒಂದಕ್ಕೊಂದು ಅಭಿಮುಖವಾಗಿ ಒಳಗೆ ಸೇರಿಕೊಳ್ಳುತ್ತವೆ; ತಲೆಗಳು ಎರಡೂ ಬದಿಯಲ್ಲಿ ನೀರಿನ ಕಡೆಗೆ ನಿಲ್ಲುತ್ತವೆ. ಹೀಗೆ ಎರಡು ಸಾಲುಗಳ ಒಂದು ಹಾಳೆ ತಾನಾಗಿಯೇ ಏರ್ಪಡುತ್ತದೆ. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯ ಬೊಟ್ಟುಗಳನ್ನು ಗಮನಿಸಿ: ಸೌಟಿನಿಂದ ಒಡೆದರೂ ಮತ್ತೆ ಕೂಡಿಕೊಳ್ಳುತ್ತವೆ. ಕೋಶಪೊರೆಯೂ ಹಾಗೆಯೇ, ಬಹು ಸೂಕ್ಷ್ಮವಾದ ಸೂಜಿಯಿಂದ ಚುಚ್ಚಿ ತೆಗೆದರೆ ಆ ರಂಧ್ರ ಮುಚ್ಚಿಕೊಳ್ಳುತ್ತದೆ. ಈ ಗುಣವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪೊರೆಯಲ್ಲಿ ಎರಡು ಸಾಲುಗಳಿವೆ ಎಂದು ಮೊದಲು ತೋರಿಸಿದವರು ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು, 1925ರಲ್ಲಿ. ರಕ್ತದ ಕೆಂಪುಕಣದಲ್ಲಿ ಹೊರಪೊರೆಯಲ್ಲದೆ ಒಳಗೆ ಬೇರೆ ಪೊರೆಗಳಿಲ್ಲ. ಆದ್ದರಿಂದ ಅವರು ಕೆಂಪುಕಣಗಳ ಜಿಡ್ಡನ್ನಷ್ಟೂ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿ ಅಳೆದರು. ಹರಡಿದ ಜಿಡ್ಡಿನ ವಿಸ್ತೀರ್ಣವು ಕಣಗಳ ಮೇಲ್ಮೈಗಿಂತ ಎರಡರಷ್ಟಿತ್ತು. ಅಂದರೆ ಪೊರೆಯಲ್ಲಿ ಎರಡು ಪದರ. ಜಿಡ್ಡನ್ನು ಪೂರ್ತಿಯಾಗಿ ತೆಗೆಯುವುದರಲ್ಲಿಯೂ, ಕಣದ ಮೇಲ್ಮೈಯನ್ನು ಅಳೆಯುವುದರಲ್ಲಿಯೂ ಅವರು ತಪ್ಪಿದ್ದರು. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿ ಸರಿಯಾದ ಉತ್ತರ ಬಂತು ಎಂದು ಅನಂತರ ತಿಳಿಯಿತು. ವಿಜ್ಞಾನದ ಚರಿತ್ರೆಯಲ್ಲಿ ಇಂತಹ ಅದೃಷ್ಟವೂ ಉಂಟು.

ಇನ್ನು ಕೋಟೆಯ ಮಾತು. ನಮ್ಮ ಊರು ಹೈದರಾಲಿಯ ಜನ್ಮಸ್ಥಳವೆಂದು ಹೆಸರಾದುದು. ಊರ ಹೆಸರಿನಲ್ಲಿಯೇ ಕೋಟೆಯಿದೆ. ಕೋಟೆ ಎಂದರೆ ಬರಿಯ ಗೋಡೆಯಲ್ಲ. ಬಾಗಿಲಿಲ್ಲದ ಕೋಟೆಯೊಳಗಿನವರು ಶತ್ರುವಿಲ್ಲದೆಯೇ ಹಸಿವಿನಿಂದ ಸಾಯುತ್ತಾರೆ. ಕೋಶಪೊರೆಯ ಜಿಡ್ಡಿನ ನಡುವೆ ಪ್ರೋಟೀನುಗಳು ಹುದುಗಿದ್ದು, ಅವುಗಳಲ್ಲಿ ಬಹಳಷ್ಟು ಬಾಗಿಲುಗಳೂ ಕಾವಲುಗಾರರೂ ಆಗಿವೆ. ನೀರಿಗೆಂದೇ ಒಂದು ಬಗೆಯ ಕಾಲುವೆ ಇದೆ. ಅದನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸೋಡಿಯಂ, ಪೊಟ್ಯಾಸಿಯಂ ಲವಣಗಳಿಗೆ ಒಂದು ಏತವಿದೆ: ಪ್ರತಿ ಸಲವೂ ಮೂರು ಸೋಡಿಯಂ ಕಣಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆ ತರುತ್ತದೆ. ಇದನ್ನು 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ವಿವರಿಸಿದರು. ನಾವು ಸುಮ್ಮನೆ ಮಲಗಿರುವಾಗಲೂ ದೇಹ ವ್ಯಯಿಸುವ ಶಕ್ತಿಯ ಸುಮಾರು ಐದರಲ್ಲೊಂದು ಭಾಗ ಈ ಏತವನ್ನು ಎಳೆಯುವುದಕ್ಕೇ ಹೋಗುತ್ತದೆ. ಅದು ನಿಂತರೆ ಕೋಶದೊಳಗೆ ಉಪ್ಪು ತುಂಬಿ, ಉಪ್ಪಿನ ಹಿಂದೆ ನೀರು ನುಗ್ಗಿ, ಕೋಶ ಊದಿ ಒಡೆಯುತ್ತದೆ. ಆಮ್ಲಜನಕವು ಮಾತ್ರ ಯಾವ ಬಾಗಿಲನ್ನೂ ಕಾಯದೆ ಜಿಡ್ಡಿನ ನಡುವೆಯೇ ನೇರವಾಗಿ ದಾಟಿಹೋಗುತ್ತದೆ. ಉಸಿರು ಬಾಗಿಲಲ್ಲಿ ನಿಂತು ಕಾಯುವಂತಿದ್ದರೆ ನಾವು ಬದುಕುತ್ತಿರಲಿಲ್ಲ.

ಆದರೆ ಕಲ್ಲಿನ ಕೋಟೆಗೂ ಈ ಕೋಟೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇದು ಸ್ಥಿರವಾದುದಲ್ಲ. ಜಿಡ್ಡಿನ ಅಣುಗಳೂ ಪ್ರೋಟೀನುಗಳೂ ಕೆರೆಯ ಮೇಲಿನ ಎಲೆಗಳಂತೆ ಸದಾ ಅತ್ತಿತ್ತ ಸರಿಯುತ್ತಿರುತ್ತವೆ ಎಂದು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಪ್ರತಿಪಾದಿಸಿದರು. ಇಂದಿಗೂ ಮೂಲಭೂತವಾಗಿ ಅದೇ ಚಿತ್ರ ಮಾನ್ಯವಾಗಿದೆ. ಎಲ್ಲರೂ ಹೆದರುವ ಕೊಲೆಸ್ಟರಾಲ್ ಸಹ ಈ ಪೊರೆಯ ಅಂಗವೇ. ಪೊರೆ ತೀರ ಸಡಿಲವಾಗದಂತೆ, ತೀರ ಬಿಗಿಯಾಗದಂತೆ ಅದು ಕಾಯುತ್ತದೆ.

ಮನೆಯಲ್ಲಿ ಉಪಯೋಗಕ್ಕೆ ಬರುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕರುಳಿನ ಕೋಶಗಳ ಪೊರೆಯಲ್ಲಿ ಒಂದು ಬಾಗಿಲು ಉಪ್ಪು ಮತ್ತು ಸಕ್ಕರೆ ಎರಡೂ ಜೊತೆಯಾಗಿ ಬಂದರೆ ಮಾತ್ರ ತೆರೆಯುತ್ತದೆ. ಅವೆರಡರ ಹಿಂದೆ ನೀರೂ ಒಳಕ್ಕೆ ಹೋಗುತ್ತದೆ. ಭೇದಿಯಾಗುತ್ತಿರುವ ಮಗುವಿಗೆ ಬರಿಯ ನೀರಿಗಿಂತ ಓಆರ್‌ಎಸ್ ಹಿತವಾಗುವುದು ಇದರಿಂದ. ಅಜ್ಜಿಯರು ಕೊಡುತ್ತಿದ್ದ ಉಪ್ಪು ಬೆರೆಸಿದ ಅಕ್ಕಿಗಂಜಿಯಲ್ಲಿಯೂ ಇದೇ ತತ್ತ್ವವಿದೆ, ಗಂಜಿಯ ಪಿಷ್ಟವು ಕರುಳಿನಲ್ಲಿ ಸಕ್ಕರೆಯಾಗುವುದರಿಂದ.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ.

ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಸಣ್ಣ ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಎಪ್ಪತ್ತು ಚದರ ಮೀಟರ್ ಆದೀತು. ಮಠದ ದಾಸೋಹದ ಪಂಕ್ತಿಯಲ್ಲಿ ಐವತ್ತು ಮಂದಿ ಆರಾಮವಾಗಿ ಕುಳಿತು ಪ್ರಸಾದ ಸ್ವೀಕರಿಸುವಷ್ಟು ಜಾಗ. ದೊಡ್ಡ ಧೂಳಿನ ಕಣಗಳು ಮೂಗಿನಲ್ಲಿಯೂ ಶ್ವಾಸನಾಳದಲ್ಲಿಯೂ ಸಿಕ್ಕಿಬಿದ್ದು ಸಿಂಬಳವಾಗಿ, ಕಫವಾಗಿ ಹೊರಬರುತ್ತವೆ. ಆದರೆ ಐದು ಮೈಕ್ರಾನಿಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಹತ್ತರಲ್ಲೊಂದಕ್ಕಿಂತ ಕಿರಿಯವು, ಗಾಳಿಗೂಡಿನವರೆಗೂ ಇಳಿಯುತ್ತವೆ. ಅಲ್ಲಿ ಕಫವಿಲ್ಲ. ಅಲ್ಲಿರುವ ಕಾವಲುಗಾರನೆಂದರೆ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶ.

ಈ ಭಕ್ಷಕನು ತಿನ್ನುವುದು ತನ್ನ ಪೊರೆಯಿಂದಲೇ. ಪೊರೆಯು ಕಣದ ಸುತ್ತ ಬೆರಳುಗಳಂತೆ ಚಾಚಿಕೊಂಡು, ಅದನ್ನು ಸುತ್ತಿ, ಒಳಕ್ಕೆಳೆದು ಒಂದು ಚೀಲವಾಗುತ್ತದೆ. ಕೋಶದೊಳಗೆ ಇನ್ನೊಂದು ಬಗೆಯ ಚೀಲವಿದೆ, ಅದರಲ್ಲಿ ಹುಳಿಯೂ ಪಾಚಕರಸಗಳೂ ತುಂಬಿರುತ್ತವೆ. ಇದನ್ನು ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡುವೆ 1955ರಲ್ಲಿ ಲೈಸೊಸೋಮ್ ಎಂದು ಹೆಸರಿಸಿದರು. ಎರಡೂ ಚೀಲಗಳು ಕೂಡಿಕೊಂಡಾಗ ನುಂಗಿದ್ದು ಜೀರ್ಣವಾಗುತ್ತದೆ. ಜಠರಾಗ್ನಿಯಂತೆ ಒಂದೊಂದು ಕೋಶಕ್ಕೂ ತನ್ನದೇ ಅಗ್ನಿ ಎನ್ನಬಹುದು. ಆ ಅಗ್ನಿ ಕೋಶವನ್ನೇ ಸುಡದಿರಲು ಕಾರಣ ಚೀಲದ ಪೊರೆ.

ಗಣಿಯ ಧೂಳು ಈ ಪೊರೆಯನ್ನೇ ಒಡೆಯುತ್ತದೆ. ಕೋಲಾರದ ಚಿನ್ನವಿದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲು ಎಂದರೆ ಹರಳುಗಟ್ಟಿದ ಸಿಲಿಕ. ಅದನ್ನು ಕೊರೆದಾಗ, ಸಿಡಿಸಿದಾಗ ಏಳುವ ಹೊಸದಾಗಿ ಒಡೆದ ಕಣದ ಮೈ ಜಿಡ್ಡಿನ ಅಣುಗಳ ತಲೆಗಳನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ಸೂಜಿಯಾದರೆ ಚುಚ್ಚಿ ಹೊರಬರುತ್ತದೆ, ಪೊರೆ ಕೂಡಿಕೊಳ್ಳುತ್ತದೆ. ಇದು ಹಿಡಿದದ್ದನ್ನು ಬಿಡುವುದಿಲ್ಲ. ಚೀಲ ಹರಿದು, ಒಳಗಿದ್ದ ಪಾಚಕರಸ ಕೋಶದೊಳಗೆಲ್ಲ ಸೋರಿ, ಭಕ್ಷಕನು ತನ್ನ ಅಗ್ನಿಯಿಂದ ತಾನೇ ಸಾಯುತ್ತಾನೆ. ಸಿಲಿಕದ ಧೂಳಿನಿಂದ ಭಕ್ಷಕ ಕೋಶಗಳ ಈ ಚೀಲಗಳು ಒಡೆಯುವುದನ್ನು ಆಲಿಸನ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದರು. ಗಾಜಿನ ನಳಿಗೆಯಲ್ಲಿ ಕೆಂಪುಕಣಗಳಿಗೆ ಈ ಧೂಳನ್ನು ಬೆರೆಸಿದರೆ ಅವುಗಳ ಪೊರೆಯೂ ಒಡೆದು ನೀರು ಕೆಂಪಾಗುತ್ತದೆ.

ಭಕ್ಷಕನು ಸತ್ತರೂ ಕಣಕ್ಕೆ ಏನೂ ಆಗಿರುವುದಿಲ್ಲ. ಕಲ್ಲು ಜೀರ್ಣವಾಗದು. ಸತ್ತ ಕೋಶದಿಂದ ಅದು ಹೊರಬೀಳುತ್ತದೆ, ಮತ್ತೊಬ್ಬ ಭಕ್ಷಕನು ಬಂದು ನುಂಗುತ್ತಾನೆ, ಅವನೂ ಸಾಯುತ್ತಾನೆ. ಸಾಯುವ ಮುನ್ನ ಅವು ಹೊರಡಿಸುವ ಸಂಕೇತಗಳಿಗೆ ಓಗೊಟ್ಟು ಬೇರೆ ಕೋಶಗಳು ಸುತ್ತಲೂ ನಾರನ್ನು ನೇಯುತ್ತವೆ. ಮೃದುವಾದ ಗೂಡಿದ್ದಲ್ಲಿ ಗಟ್ಟಿ ಗಂಟು ಬೆಳೆಯುತ್ತದೆ. ಎಕ್ಸ್‌ರೇಯಲ್ಲಿ ಕಂಡ ರಾಗಿಕಾಳುಗಳು ಈ ಗಂಟುಗಳೇ. ಗಣಿ ಬಿಟ್ಟು ಹತ್ತು ಹದಿನೈದು ವರ್ಷಗಳಾದ ಮೇಲೂ ರೋಗ ಬೆಳೆಯುವುದೇಕೆಂದು ಈಗ ತಿಳಿಯಬಹುದು: ಹೊಸ ಧೂಳು ಬೇಕಾಗಿಲ್ಲ, ಹಳೆಯ ಕಣವೇ ಸಾಕು. ಕ್ಷಯದ ರೋಗಾಣುವನ್ನು ತಡೆಹಿಡಿಯಬೇಕಾದವರೂ ಇದೇ ಭಕ್ಷಕರು. ಕಾವಲುಗಾರರು ಸಾಯುತ್ತಿರುವ ಕೋಟೆಗೆ ಕ್ಷಯ ಸುಲಭವಾಗಿ ನುಗ್ಗುತ್ತದೆ. ಸಿಲಿಕೋಸಿಸ್ ಇರುವವರಲ್ಲಿ ಕ್ಷಯದ ಸಂಭವ ಹಲವು ಪಟ್ಟು ಹೆಚ್ಚು.

ಇದು ಎಲ್ಲೋ ದೂರದ ಸಂಗತಿಯಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವ್ಯವಸ್ಥಿತವಾಗಿ ವರದಿಯಾದದ್ದು ನಮ್ಮ ಕೋಲಾರ ಗಣಿಗಳಿಂದಲೇ, 1947ರಲ್ಲಿ. ಅದಕ್ಕೆ ಮುಂಚಿನ ಆರೇಳು ವರ್ಷಗಳಲ್ಲಿ ಪರೀಕ್ಷಿಸಿದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿದವರಲ್ಲಿ ಇದರ ಚಿಹ್ನೆಗಳು ಕಂಡವು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು, ಬೇಗೆಯಲ್ಲಿ ದುಡಿದು ದೇಶಕ್ಕೆ ಚಿನ್ನ ಕೊಟ್ಟವರ ಲೆಕ್ಕ ಇದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರು ಬೇರೂರಿಸಿದ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ರೋಗ ಅಂದು ನಿಲ್ಲಲಿಲ್ಲ.

ಕೆಜಿಎಫ್ ಪಟ್ಟಣದ ನಡುವೆ ಇಂದಿಗೂ ನಿಂತಿರುವ ಗಣಿತ್ಯಾಜ್ಯದ ದಿಬ್ಬಗಳನ್ನು ಜನ ಸೈನೈಡ್ ದಿಬ್ಬ ಎನ್ನುತ್ತಾರೆ, ಸೈನೈಡ್ ಎಂಬ ಹೆಸರಿಗೇ ಹೆದರುತ್ತಾರೆ. ಆ ದಿಬ್ಬಗಳು ಹಿಟ್ಟಿನಂತೆ ಅರೆದ ಕಲ್ಲು ಎಂಬುದು ನೆನಪಿಗೆ ಬರುವುದು ಕಡಿಮೆ. ಬೇಸಿಗೆಯ ಗಾಳಿಯಲ್ಲಿ ಆ ಬಿಳಿ ಪುಡಿ ಬೀದಿಗೆ ಬಂದಾಗ ಮಕ್ಕಳನ್ನು ಒಳಗೆ ಕರೆದುಕೊಂಡು, ಬಾಗಿಲು ಮುಚ್ಚಿ, ಅಂಗಳವನ್ನು ಗುಡಿಸುವ ಮುನ್ನ ನೀರು ಚಿಮುಕಿಸುವುದು ಒಳ್ಳೆಯದು. ದಿಬ್ಬದ ಮೇಲೆ ಆಟವಂತೂ ಬೇಡ.

ಊರಿನ ಹೆಸರಿನಲ್ಲಿಯೇ ಬೂದಿಯಿರುವುದರಿಂದಲೋ ಏನೋ, ನಿತ್ಯ ಧರಿಸುವ ವಿಭೂತಿಯಿಂದಲೂ ಹೀಗಾಗುವುದೇ ಎಂದು ಭಕ್ತೆಯೊಬ್ಬರು ಕೇಳಿದ್ದರು. ಹಣೆಗೆ ಧರಿಸುವ ವಿಭೂತಿ ಶ್ವಾಸಕೋಶಕ್ಕೆ ಇಳಿಯುವುದಿಲ್ಲ, ಅದು ಒಡೆದ ಬೆಣಚುಕಲ್ಲೂ ಅಲ್ಲ, ಆತಂಕ ಬೇಡ. ದಿನವಿಡೀ ಬೂದಿಯನ್ನು ಜರಡಿ ಹಿಡಿದು ವಿಭೂತಿ ತಯಾರಿಸುವವರು ಮಾತ್ರ ಮೂಗು ಬಾಯಿ ಮುಚ್ಚಿಕೊಳ್ಳಲಿ. ಯಾವ ಪುಡಿಯನ್ನಾದರೂ ಬಹುಕಾಲ ಉಸಿರಾಡುವುದು ಹಿತವಲ್ಲ.

ಚಿಕಿತ್ಸೆಯ ವಿಷಯದಲ್ಲಿ ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಟ್ಟಿಕೊಂಡ ಗಂಟನ್ನು ಕರಗಿಸುವ ಔಷಧ ಆಯುರ್ವೇದದಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ. ಅಭ್ರಕ ಭಸ್ಮವು ಎದೆಯ ಕಲ್ಲನ್ನು ಕರಗಿಸುತ್ತದೆಂದು ಹೇಳಿ ಹಣ ಕೀಳುವವರಿದ್ದಾರೆ, ನಂಬಬೇಡಿ. ನಮ್ಮ ಲೇಹ್ಯಗಳು ಗಂಟಲನ್ನು ಹಗುರ ಮಾಡಬಲ್ಲವು, ಹಸಿವನ್ನು ಕಾಪಾಡಬಲ್ಲವು, ಅಷ್ಟೆ. ಏದುಸಿರಿರುವವರು ಕಪಾಲಭಾತಿ, ಭಸ್ತ್ರಿಕಾಗಳನ್ನು ಮಾಡಕೂಡದು. ಕುಳಿತು ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ಸಾಕು. ಬೀಡಿ ಸಿಗರೇಟು ಪೂರ್ತಿ ನಿಲ್ಲಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಯನ್ನು ಉಚಿತವಾಗಿ ಮಾಡುತ್ತಾರೆ, ತಡಮಾಡಬೇಡಿ. ಗಣಿ, ಕ್ವಾರಿ, ಕ್ರಷರ್, ಕಲ್ಲು ಕೆತ್ತನೆ, ಟೈಲ್ಸ್ ಕೊರೆಯುವುದು ಇವುಗಳಲ್ಲಿ ಯಾವುದನ್ನು ಎಷ್ಟು ವರ್ಷ ಮಾಡಿದಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ. ಕೇಳದೆ ಇರುವ ವೈದ್ಯರಿದ್ದಾರೆ. ಮೇಲೆ ಒಬ್ಬರ ಕಥೆ ಓದಿದಿರಿ.

ಆ ಹಿರಿಯರು ಕ್ಷಯದಿಂದ ಗುಣಮುಖರಾದರು, ಏದುಸಿರು ಉಳಿದುಕೊಂಡಿತು. ಅವರ ಕಿರಿಯ ಮಗ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಅಡುಗೆಮನೆಗಳಿಗೆ ಗ್ರಾನೈಟ್ ಕೊರೆಯುತ್ತಾನೆಂದು ತಿಳಿದದ್ದು ಬಹಳ ತಡವಾಗಿ. ಗ್ರಾನೈಟಿನಲ್ಲಿಯೂ ಬೆಣಚುಕಲ್ಲಿದೆ. ತಂದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವನಿಗೆ ತೋರಿಸಿದೆವು. ಕೊರಳಿನ ಟವೆಲನ್ನು ತೋರಿಸಿ, "ಇದನ್ನ ಸುತ್ಕೋತೀನಲ್ಲ ಸ್ವಾಮಿ" ಎಂದ. ಟವೆಲಿನ ಎಳೆಗಳ ನಡುವೆ ಐದು ಮೈಕ್ರಾನಿನ ಕಣ ಸರಾಗವಾಗಿ ದಾಟುತ್ತದೆಂದು ಹೇಳಿ, ಕಲ್ಲಿನ ಮೇಲೆ ನೀರು ಬಿಟ್ಟುಕೊಂಡೇ ಕೊರೆಯುವಂತೆಯೂ, ಮುಖಕ್ಕೆ ಒತ್ತಿ ಕೂರುವ ಎನ್ 95 ಮಾಸ್ಕ್ ಹಾಕುವಂತೆಯೂ ತಿಳಿಸಿದೆವು. ನೀರು ಬಿಟ್ಟರೆ ಕೆಲಸ ನಿಧಾನವಾಗುತ್ತದೆ, ಮೇಸ್ತ್ರಿ ಬಯ್ಯುತ್ತಾನೆ ಎಂದ. ಮುಂದಿನ ಸಲ ಮೇಸ್ತ್ರಿಯನ್ನೂ ಕರೆದುಕೊಂಡು ಬಾ ಎಂದಿದ್ದೇವೆ.